ದುರುಗವ್ವ ತುಂಬಿದ ಕೊಡ ಹೊತ್ತು ಬಾವಿಗೆ ಹೋದದ್ದು

ಬಿಳಿಜೋಳ ಕೊಯ್ದು, ಕಣ ಮುಗಿದು, ಹೊಲದಲ್ಲಿ ಬರೀ ಕೂಳೆ ಉಳಿದಿದ್ದ ಕಾಲ. ಹೋಳಿ ಹುಣ್ಣಿಮೆ ಇನ್ನೂ ಮುಂದಿತ್ತು. ಎಮರ್ಜೆನ್ಸಿ ಎಂಬುದು ಬಂದು ಹೋಗಿ ಎರಡು ವರ್ಷವಾಗಿತ್ತು. ಕೋಳಿ ಕೂಗಿ ಮೂಡಲಕ್ಕೆ ಬೆಳಕು ಹರಿಯುವ ಹೊತ್ತಿಗೆ, ಕೆಂಚಿಹಾಳದ ಮಾದರ ದುರುಗವ್ವ ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು.

ಹತ್ತಿರ ಎಂದರೆ ತೀರಾ ಹತ್ತಿರವಲ್ಲ. ಬಾವಿಯ ಕಟ್ಟೆಯಿಂದ ಈಚೆಗೆ, ಬೇವಿನ ಮರ ದಾಟಿದ ಮೇಲೆ ಒಂದು ಹಾಸುಗಲ್ಲು. ಕೇರಿಯವರು ಕೊಡ ಇಡಬೇಕಾದದ್ದು ಅಲ್ಲಿ. ನಿಲ್ಲಬೇಕಾದದ್ದು ಅದರ ಹಿಂದೆ. ಊರವರು ಯಾರಾದರೂ ಸೇದಿ, ಮನಸ್ಸು ಬಂದರೆ, ಮೇಲಿನಿಂದ ಸುರಿಯಬೇಕು. ಕರೆಯಬಾರದು. ಕೆಮ್ಮಬಹುದು. ಸುರಿಯುವಾಗ ಬಗ್ಗಿರಬೇಕು. ಕೊಡ ಕಲ್ಲಿನ ಮೇಲೇ ಇದ್ದರೂ ಬಗ್ಗಿರಬೇಕು. ದುರುಗವ್ವನ ಅತ್ತೆ ಹಾಗೆಯೇ ಬಗ್ಗಿದ್ದಳು, ಆ ಅತ್ತೆಯ ಅತ್ತೆಯೂ ಬಗ್ಗಿದ್ದಳು. ದುರುಗವ್ವನ ಸೊಂಟಕ್ಕೆ ಆ ಬಾಗು ಗೊತ್ತಿತ್ತು. ಕಲ್ಲು ಕಂಡರೆ ತಾನಾಗಿ ಬಗ್ಗುತ್ತಿತ್ತು.

ಹೆಂಗಸರು ಬಂದರು, ಸೇದಿಕೊಂಡು ಹೋದರು. ದುರುಗವ್ವ ಕೆಮ್ಮಿದಳು. ಬಿಸಿಲು ಬೇವಿನ ಮರದ ತುದಿಯಿಂದ ಬುಡಕ್ಕೆ ಇಳಿಯಿತು. ಕಡೆಗೆ ಗೌಡರ ಹೆಂಡತಿ ಶಂಕ್ರಮ್ಮ ಬಂದಳು.

"ಏನಬೇ ದುರುಗಿ, ಇವತ್ತ ಇಷ್ಟ ಜಲ್ದಿ?"

"ಮಗನ ಕಾಲೇಜಿನವರು ಬರ್ತಾರ್ರೀ ಯವ್ವಾ. ನಮ್ಮ ಮನಿಗಿ."

"ನಿಮ್ಮ ಮನಿಗಿ!" ಶಂಕ್ರಮ್ಮ ನಕ್ಕಳು. "ಅವರ ಊಟ ನಮ್ಮ ಮನ್ಯಾಗ ಐತಿ. ಹೋಳಿಗಿ ಮಾಡಾಕ ಹತ್ತೀವಿ. ನಮ್ಮ ವಿರೂಪಾಕ್ಷಿನೂ ಅದ ಕ್ಲಾಸಿನ್ಯಾಗ ಅದಾನಲ್ಲ."

"ಊಟ ನಿಮ್ಮಲ್ಲೇ ಆಗ್ಲಿ ತಗೋರಿ. ನೀರು ನಮ್ಮಲ್ಲಿ ಕುಡೀತಾರ."

ಶಂಕ್ರಮ್ಮ ಬಿಂದಿಗೆ ಸೇದಿದಳು. ಸುರಿದಳು. ದಿನಕ್ಕಿಂತ ಎತ್ತರದಿಂದ ಸುರಿದಳು. ಅರ್ಧ ನೀರು ಕಲ್ಲಿಗೆ ಬಿತ್ತು, ಅರ್ಧ ದುರುಗವ್ವನ ಕೊರಳಿಗೆ ಬಿತ್ತು. ಇನ್ನೊಂದು ಬಿಂದಿಗೆ ಸೇದಿ ಸುರಿದ ಮೇಲೆ ಕೊಡ ತುಂಬಿತು.

ದುರುಗವ್ವನ ಮಗ ಮುದುಕಪ್ಪ. ಆ ಕೇರಿಯಿಂದ ಪಟ್ಟಣದ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಬಿ.ಎ. ಕೊನೆಯ ವರ್ಷ. ಅವನನ್ನು ಓದಿಸಲು ದುರುಗವ್ವ ಕಾಲುವೆಯ ಕೆಲಸದಲ್ಲಿ ಮಣ್ಣು ಹೊತ್ತಿದ್ದಳು. ತಲೆಯ ನಡುವಿನ ಕೂದಲನ್ನು ಬುಟ್ಟಿ ತಿಂದುಹಾಕಿತ್ತು. ಅಲ್ಲಿ ಕೈ ಇಟ್ಟರೆ ಹಿಮ್ಮಡಿ ಮುಟ್ಟಿದ ಹಾಗಾಗುತ್ತಿತ್ತು.

ಕಾಲೇಜೆಂದರೆ ಏನೆಂದು ಅವಳು ಒಮ್ಮೆ ಕೇಳಿದ್ದಳು.

"ಮಾಸ್ತರು ಹೇಳ್ತಾರಬೇ. ನಾವು ಬರ್ಕೋತೀವಿ."

"ಬರ್ಕೊಂಡು ಏನ್ ಮಾಡ್ತೀರಿ?"

"ಪರೀಕ್ಷಾದಾಗ ಅದನ್ನ ಮತ್ತ ಬರೀತೀವಿ."

"ಅವರು ಹೇಳಿದ್ದನ್ನ ಅವರಿಗೇ ಬರದು ಕೊಡೂದು? ಅಷ್ಟೊತ್ತಿಗೆ ಅವರು ಮರ್ತಿರ್ತಾರನ?"

ಮುದುಕಪ್ಪನಿಗೆ ನಗು ಬಂದಿತ್ತು. ದುರುಗವ್ವ ಮಾತ್ರ ನಗಲಿಲ್ಲ. "ನೀವು ಏನೂ ಕೇಳೂದಿಲ್ಲನ?"

"ಕೇಳಬಾರ್ದು. ಹೊತ್ತು ಹೋಗ್ತೈತಿ. ಸಿಲೆಬಸ್ ಮುಗೀಬೇಕು."

ಬಾವಿಯ ಹತ್ತಿರವೂ ಹಾಗೇ ಅಲ್ಲವೇ ಎಂದು ದುರುಗವ್ವನಿಗೆ ಅನ್ನಿಸಿತ್ತು. ಹೇಳಲಿಲ್ಲ. ಓದುವ ಹುಡುಗನಿಗೆ ಯಾಕೆ ಅಂಥ ಮಾತು.

ಸಮಾಜಶಾಸ್ತ್ರದ ಅಮರಪ್ಪ ಮಾಸ್ತರರೆಂದರೆ ಮುದುಕಪ್ಪನಿಗೆ ದೇವರು. ಅವರು ಅಸ್ಪೃಶ್ಯತೆ ಪಾಪ ಎಂದು ಪಾಠ ಮಾಡುತ್ತಿದ್ದರು. ಆ ಪಾಠದ ದಿನ ಇಡೀ ಕ್ಲಾಸು ಹಿಂದಿನ ಬೆಂಚಿನ ಕಡೆ ಹೊರಳಿ ಮುದುಕಪ್ಪನನ್ನು ನೋಡುತ್ತಿತ್ತು. ಅವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಹಾಸ್ಟೆಲಿನಲ್ಲಿ ಅವನಿಗೆ ಜಾಗ ಕೊಡಿಸಿದವರು ಅಮರಪ್ಪ ಮಾಸ್ತರರೇ. "ದೊಡ್ಡ ಯುನಿವರ್ಸಿಟಿಯಲ್ಲಿ ನನ್ನ ಮಾತು ನಡೆಯುತ್ತದೆ, ನಿನಗೆ ಎಂ.ಎ. ಸೀಟು ಕೊಡಿಸುತ್ತೇನೆ" ಎಂದಿದ್ದರು. ಆ ಒಂದು ಮಾತಿನ ಮೇಲೆ ದುರುಗವ್ವನ ಮನೆ ನಿಂತಿತ್ತು. ಕೇರಿಗೆ ಒಬ್ಬ ಮಾಸ್ತರ ಹುಟ್ಟುತ್ತಾನೆ ಎಂದು ಅವಳು ರೊಟ್ಟಿ ಬಡಿಯುವಾಗಲೂ ಅದನ್ನೇ ನೆನೆಯುತ್ತಿದ್ದಳು.

ಹಿಂದಿನ ವಾರ ಮುದುಕಪ್ಪ ಬಂದು, "ಯವ್ವಾ, ನಮ್ಮ ಕ್ಲಾಸು ನಮ್ಮ ಕೇರಿಗಿ ಬರ್ತೈತಿ. ನಮ್ಮ ಮನಿ ನೋಡಾಕ" ಎಂದಿದ್ದ.

ಮನೆ ನೋಡಲು ಬರುವವರನ್ನು ದುರುಗವ್ವನಂಥವರು ಏನೆಂದು ತಿಳಿಯಬೇಕು? ಬೀಗರು ಎಂದು ತಿಳಿದಳು. ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದ ಪಟ್ಟಿ ಎಳೆದಳು. ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕಿದಳು. ಪಕ್ಕದ ಓಣಿಯ ದಾವಲಬೀಯ ಮನೆಯಿಂದ ಸ್ಟೀಲಿನ ಗ್ಲಾಸು ತಂದಳು.

"ಸೊಟ್ಟ ಮಾಡಬ್ಯಾಡ ನೋಡಬೇ, ಮಗಳ ಮದುವಿಗಂತ ಇಟ್ಟಿದ್ದು" ಎಂದು ದಾವಲಬೀ ಹತ್ತು ಸಲ ಹೇಳಿ, ತಾನೇ ಬೂದಿ ಹಚ್ಚಿ ಉಜ್ಜಿಕೊಟ್ಟಳು.

ದುರುಗವ್ವನ ಗಂಡ ಮಾರೆಪ್ಪ ಹೆಗಲ ಮೇಲೆ ಒಗೆದ ಟವೆಲು ಹಾಕಿಕೊಂಡು ಬಾಗಿಲಲ್ಲಿ ಕುಂತ.

ಬಸ್ಸು ಬಂತು. ನೇರ ಗೌಡರ ಮನೆ ಮುಂದೆ ನಿಂತಿತು. ಸ್ವಲ್ಪ ಹೊತ್ತಿಗೆ ಮುದುಕಪ್ಪ ಒಬ್ಬನೇ ಕೇರಿಗೆ ಬಂದ.

"ಯಾಕೋ ಒಬ್ಬನ ಬಂದಿ? ಅವರೆಲ್ಲಿ?"

"ಉಣ್ಣಾಕ ಹತ್ಯಾರ. ನಿನ್ನ ಮನಿ ಇಲ್ಲೇ ಐತಲ್ಲ, ನೀ ಅಲ್ಲೇ ಉಂಡು ಬಾ ಅಂದ್ರು ಸರ್."

ದುರುಗವ್ವ ಮಗನ ಮುಖ ನೋಡಿದಳು. ಅವನು ರೊಟ್ಟಿಯ ಕಡೆ ನೋಡುತ್ತಿದ್ದ. ಮಾರೆಪ್ಪ, "ಹೌದಲ್ಲ ಮತ್ತ, ಮನಿ ಇದ್ದ ಊರಾಗ ಮಂದಿ ಮನ್ಯಾಗ ಯಾಕ ಉಣ್ಣಬೇಕು" ಎಂದ. ತನಗೇ ಸಮಾಧಾನ ಹೇಳಿಕೊಂಡ ಹಾಗಿತ್ತು.

ಹೊತ್ತು ನೆತ್ತಿಯಿಂದ ಜಾರಿದಾಗ ಕ್ಲಾಸು ಕೇರಿಗೆ ಬಂತು. ಕೆಲವರು ಮೂಗಿಗೆ ಕರ್ಚೀಪು ಹಿಡಿದಿದ್ದರು. ಮನೆಯ ಒಳಗೆ ಯಾರೂ ಬರಲಿಲ್ಲ. ಓಣಿಯಲ್ಲಿ ಅರ್ಧ ಸುತ್ತು ಕಟ್ಟಿ ನಿಂತರು. ಬಿಳಿ ಪ್ಯಾಂಟಿನ ಅಮರಪ್ಪ ಮಾಸ್ತರರು ನಡುವೆ ನಿಂತು ಕೈ ತೋರಿಸಿದರು.

"ಇದು ಒಂದು ಮಾದರಿ ಅಸ್ಪೃಶ್ಯ ಕುಟುಂಬ. ಬರೆದುಕೊಳ್ಳಿ. ಮಣ್ಣಿನ ಗೋಡೆ. ಕಿಟಕಿ ಇಲ್ಲ. ಮುಖ್ಯ ಕಸುಬು ಚರ್ಮದ ಕೆಲಸ."

ಎಲ್ಲರೂ ಬರೆದುಕೊಂಡರು. ಗೌಡರ ಮಗ ವಿರೂಪಾಕ್ಷಪ್ಪನೂ ಬರೆದುಕೊಂಡ. ಆ ಗೋಡೆಯ ಪಕ್ಕದಲ್ಲೇ ಹಾದು ಬೆಳೆದವನು ಅವನು. ಮುದುಕಪ್ಪ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಮ್ಮೆ ಕ್ಲಾಸಿನ ಕಡೆ ಹೋದ, ಒಮ್ಮೆ ಹೊಸ್ತಿಲ ಕಡೆ ಬಂದ. ಕಡೆಗೆ ನಡುವೆ ನಿಂತುಕೊಂಡು ತನ್ನ ಮನೆಯ ಗೋಡೆಯನ್ನು ತಾನೇ ಬರೆದುಕೊಂಡ.

ಮಾರೆಪ್ಪನಿಗೆ ಉಳಿ ಹಿಡಿದು ತೋರಿಸು ಎಂದರು. ತೋರಿಸಿದ. ಹಲಗೆ ಬಾರಿಸು ಎಂದರು. ಬಾರಿಸಿದ. ಸತ್ತ ಎಮ್ಮೆಯ ಮಾಂಸ ತಿನ್ನುವಿರಾ ಎಂದು ಕೇಳಿದರು. ಅವನು ನಕ್ಕ. ಆ ನಗು ನೋಡಿ ದುರುಗವ್ವ ಒಳಗೆ ಹೋದಳು.

ಅವಳು ತಾಟಿನಲ್ಲಿ ನೀರಿನ ಗ್ಲಾಸು ಇಟ್ಟುಕೊಂಡು ಹೊರಗೆ ಬಂದಳು. "ತಗೋರೆಪಾ. ಬಿಸಲಾಗ ಬಂದೀರಿ."

ಮೊದಲ ಹುಡುಗ, "ಈಗಷ್ಟ ಕುಡುದು ಬಂದೀನ್ರಿ" ಎಂದ. ಎರಡನೆಯವನೂ ಅದನ್ನೇ ಹೇಳಿದ. ಆಮೇಲೆ ಅವಳು ಹತ್ತಿರ ಬರುವ ಮುಂಚೆಯೇ ಕೈ ಅಡ್ಡ ಮಾಡತೊಡಗಿದರು. ಒಬ್ಬ ಹುಡುಗಿ ಗ್ಲಾಸು ಹಿಡಿದಳು. ಹಿಡಿದುಕೊಂಡು ಸುತ್ತ ನೋಡಿದಳು. ಮತ್ತೆ ತಾಟಿಗೆ ಇಟ್ಟಳು. ಅವಳ ತುಟಿ ಒಣಗಿ ಬಿಳಿಯಾಗಿತ್ತು. ದುರುಗವ್ವ ಅದನ್ನು ನೋಡಿದಳು.

ತಾಟು ತುಂಬಿದ್ದು ತುಂಬಿದಂತೆ ಒಳಗೆ ಹೋಯಿತು, ನೀರು ಮತ್ತೆ ಕೊಡಕ್ಕೆ ಬಿತ್ತು. ಮಂಡಾಳನ್ನು ಅವಳು ಹೊರಗೆ ತರಲೇ ಇಲ್ಲ.

ಮಾಸ್ತರರು ಕ್ಯಾಮರಾ ತೆಗೆದರು. "ತಾಯಿ, ನೀವು ಬಾವಿಯಲ್ಲಿ ನೀರು ಹಾಕಿಸಿಕೊಳ್ಳುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬೇಕು. ಒಂದು ಫೋಟೋ ಬೇಕು. ಗೌಡರ ಮನೆಯವರಿಗೆ ಹೇಳಿದ್ದೇನೆ, ಅವರು ಬಾವಿಯ ಹತ್ತಿರ ತಯಾರಾಗಿದ್ದಾರೆ. ಕೊಡ ತೆಗೆದುಕೊಂಡು ಬನ್ನಿ."

"ಕೊಡ ತುಂಬೇತ್ರಿ."

"ಚೆಲ್ಲಿಬಿಡಿ."

ದುರುಗವ್ವನಿಗೆ ಕೇಳಿಸಿತು. ಕೇಳಿಸಿದ್ದು ಮೈಗೆ ಇಳಿಯಲು ಹೊತ್ತು ಬೇಕಾಯಿತು. ಬೆಳಕು ಹರಿಯುವ ಮೊದಲೇ ಹೋಗಿ ನಿಂತದ್ದು. ಕೆಮ್ಮಿದ್ದು. ಬಗ್ಗಿದ್ದು. ಕೊರಳಿಗೆ ಬಿದ್ದ ನೀರು ರವಿಕೆಯೊಳಗೆ ಇಳಿದದ್ದು. ಅದೆಲ್ಲ ಆ ಕೊಡದಲ್ಲಿತ್ತು. ಚೆಲ್ಲಿಬಿಡಿ ಅನ್ನಲು ಅವರಿಗೆ ಉಗುಳು ನುಂಗುವಷ್ಟು ಹೊತ್ತೂ ಬೇಕಾಗಲಿಲ್ಲ.

"ಬೆಳಿಗ್ಗೆ ಹಾಕಿಸಿಕೊಂಡೀನ್ರಿ. ಅವಾಗ ಬಂದಿದ್ರ ನೋಡಬೋದಿತ್ತು" ಎಂದಳು.

"ಮತ್ತೊಮ್ಮೆ ತೋರಿಸಿ. ಶಿಕ್ಷಣಕ್ಕಾಗಿ ತಾಯಿ. ನಿಮ್ಮ ಜನರ ಒಳ್ಳೆಯದಕ್ಕಾಗಿಯೇ."

ದುರುಗವ್ವ ಒಳಗೆ ಹೋಗಿ ಕೊಡ ತಂದು ಅವರ ಮುಂದೆ ಇಟ್ಟಳು. ನೀರು ಅಂಚಿನವರೆಗೆ ತುಳುಕಾಡಿತು.

"ಹಂಗಾರ ಇದನ್ನ ಕುಡುದು ಖಾಲಿ ಮಾಡ್ರಿ. ಇಷ್ಟ ಮಂದಿ ಅದೀರಿ, ಒಂದೊಂದ ಗುಟುಕಿಗೆ ಮುಗೀತೈತಿ. ಖಾಲಿ ಆದ್ರ ನಾ ಮತ್ತ ನೀರಿಗಿ ಹೋಗಬೇಕಲ್ಲ, ಹೋಗ್ತೀನಿ. ನೀವು ಹೇಳಿದಂಗ ಬಗ್ಗತೀನಿ. ಪಟಾ ತಗೋರಿ."

ಯಾರದೋ ಕೈಯ ಪೆನ್ನು ಕೆಳಗೆ ಬಿತ್ತು.

"ಮೊದಲ ನೀವ ಕುಡೀರಿ ಮಾಸ್ತರ. ನೀವು ಕುಡುದ್ರ ಹುಡುಗ್ರೂ ಕುಡೀತಾವ."

ಅಮರಪ್ಪ ಮಾಸ್ತರರ ಕೈ ಕ್ಯಾಮರಾದ ಪಟ್ಟಿಯ ಮೇಲೆ ಆಡಿತು. "ಊಟ ಈಗ ತಾನೇ ಆಗಿದೆ" ಎಂದರು. ಆಮೇಲೆ, "ವಿಷಯ ಅದಲ್ಲ" ಎಂದರು. ಆಮೇಲೆ ಮುದುಕಪ್ಪನ ಕಡೆ ಹೊರಳಿ ದನಿ ಬದಲಿಸಿದರು. "ಮುದುಕಪ್ಪ, ನಿನ್ನ ತಾಯಿಗೆ ತಿಳಿಸಿ ಹೇಳು. ನೀನು ಓದಿದವನು. ಮುಂದೆ ಎಂ.ಎ. ಮಾಡುವವನು."

ಮುದುಕಪ್ಪ ಬರೆಯುವುದನ್ನು ಬಿಟ್ಟ. ಅವ್ವನ ಹತ್ತಿರ ಬಂದ. ತಲೆ ಎತ್ತಲಿಲ್ಲ.

"ಯವ್ವಾ, ಒಂದ ಸಲ ಹೋಗಿ ಬಾರಬೇ. ಒಂದ ಸಲ. ನನ್ನ ಸಂಬಂಧ."

ಊರವರು ಅಂದದ್ದಕ್ಕೆ ದುರುಗವ್ವ ಎಂದೂ ಅತ್ತವಳಲ್ಲ. ಮಾಸ್ತರರು ಅಂದದ್ದಕ್ಕೂ ಅಳಲಿಲ್ಲ. ಈಗ ಕಣ್ಣು ಉರಿಯಿತು. ಮಗ ಬಗ್ಗಿ ನಿಂತಿದ್ದ. ಅದೇ ಬಾಗು. ಕಾಲೇಜಿಗೆ ಕಳಿಸಿದರೆ ಅದು ಹೋಗುತ್ತದೆ ಎಂದುಕೊಂಡಿದ್ದಳು. ಅಲ್ಲಿಯೂ ಹಾಸುಗಲ್ಲು ಇತ್ತು. ಅಲ್ಲಿಯೂ ಸುರಿಯುವವರು ಎತ್ತರದಲ್ಲೇ ನಿಂತಿದ್ದರು.

"ಆತು" ಎಂದಳು. ಸೆರಗು ಸೊಂಟಕ್ಕೆ ಸಿಗಿಸಿದಳು. ತುಂಬಿದ ಕೊಡ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಒಂದು ಹನಿಯೂ ಚೆಲ್ಲಲಿಲ್ಲ.

ಮುಂದೆ ದುರುಗವ್ವ, ಹಿಂದೆ ಕ್ಲಾಸು. "ನೀರು ಚೆಲ್ಲಲಿಲ್ಲವಲ್ಲ" ಎಂದು ಮಾಸ್ತರರು ಹಿಂದಿನಿಂದ ಕೇಳಿದರು. "ಅಲ್ಲಿ ಖಾಲಿ ಮಾಡ್ತೀನ್ರಿ" ಎಂದಳು.

ಬಾವಿಯ ಕಟ್ಟೆಯ ಮೇಲೆ ಶಂಕ್ರಮ್ಮ ಒಳ್ಳೆ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು. ಪಟ ತೆಗೆಯುತ್ತಾರೆಂದು ತಾಮ್ರದ ಬಿಂದಿಗೆ ಹುಣಸೆಹಣ್ಣು ಹಚ್ಚಿ ತೊಳೆದಿದ್ದಳು. ಊರ ನಾಲ್ಕು ಮಂದಿ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದರು.

ದುರುಗವ್ವ ಹಾಸುಗಲ್ಲಿಗೆ ಬಂದಳು. ನಿಲ್ಲಲಿಲ್ಲ. ಬೇವಿನ ಮರ ದಾಟಿದಳು. ಕಟ್ಟೆಯ ಮೆಟ್ಟಿಲು ಹತ್ತಿದಳು. ಇಷ್ಟು ವರ್ಷದಲ್ಲಿ ಬಾವಿಯ ಒಳಗನ್ನು ಅವಳು ನೋಡಿರಲಿಲ್ಲ. ನೋಡಿದಳು. ಕೆಳಗೆ, ಆಳದಲ್ಲಿ, ಆಕಾಶದ ತುಂಡೊಂದು ಇತ್ತು. ಅದರಲ್ಲಿ ಒಂದು ತಲೆ ಕಂಡಿತು. ತನ್ನದೇ.

"ಏ ಏ ದುರುಗಿ!" ಎಂದು ಶಂಕ್ರಮ್ಮ ಹಿಂದೆ ಸರಿದಳು.

"ಚೆಲ್ಲು ಅಂದ್ರು ಮಾಸ್ತರ. ಕುಡೀಲಿಕ್ಕ ಅವರೊಲ್ರು, ನೆಲಕ್ಕ ಚೆಲ್ಲಾಕ ನಾ ಒಲ್ಲೆ. ಎಲ್ಲಿಂದ ಬಂತೋ ಅಲ್ಲೇ ಹಾಕ್ತೀನಿ."

"ಏಯ್! ಬಾವಿಗಿ ಹಾಕಬ್ಯಾಡ! ಮೈಲಿಗಿ ಆಕ್ಕೈತಿ, ಹಿಡೀರಿ ಆಕಿನ್ನ!"

ಕೂಗಿದ್ದು ಊರವರಲ್ಲ. ಅಮರಪ್ಪ ಮಾಸ್ತರರು. ಮಗುವಾಗಿದ್ದಾಗ ಅವರ ಮನೆಯ ಹಿತ್ತಿಲಲ್ಲಿ ಕೇಳಿದ್ದ ಮಾತು, ಎಷ್ಟು ಪುಸ್ತಕದ ಕೆಳಗೆ ಹೂತಿದ್ದರೂ ಎದ್ದು ಬಂತು. ಮುದುಕಪ್ಪ ಅದನ್ನು ಕೇಳಿದ. ಇಡೀ ಕ್ಲಾಸು ಕೇಳಿತು. ಅದನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ದುರುಗವ್ವ ಕೊಡ ಬೋರಲು ಹಾಕಿದಳು. ನೀರು ಒಂದೇ ಸಮ ಇಳಿಯಿತು. ಆಳದಿಂದ ಸಪ್ಪಳ ಬಂತು. ಖಾಲಿ ಕೊಡ ಹಿಡಿದು ಮೆಟ್ಟಿಲು ಇಳಿದು, ಮಂದಿಯ ನಡುವೆ ಹಾದು ನಡೆದಳು. ಅವಳಿಗೆ ತಾಗಬಾರದೆಂದು ಮಂದಿ ಎರಡೂ ಕಡೆ ಸರಿದರು. ದಾರಿ ತಾನಾಗಿ ಬಿಟ್ಟಿತು.

ಬಸ್ಸು ಬೇಗನೆ ಹೊರಟುಹೋಯಿತು. ಹತ್ತುವಾಗ ಮಾಸ್ತರರು ಮುದುಕಪ್ಪನಿಗೆ, "ಸಮಾಜ ನಿಧಾನವಾಗಿ ಬದಲಾಗಬೇಕು, ಹೀಗಲ್ಲ" ಎಂದರಂತೆ.

ದೀಪ ಹಚ್ಚುವ ಮೊದಲೇ ಊರವರು ಕೇರಿಗೆ ಬಂದರು. ದುರುಗವ್ವನ ಬದಲು ಮಾರೆಪ್ಪನನ್ನು ಹೊರಗೆ ಕರೆದು, ಕೈ ಮುಟ್ಟಿದರೆ ಮೈಲಿಗೆಯೆಂದು ಚಪ್ಪಲಿ ಕಾಲಿನಿಂದ ಒದ್ದರು. ಅವನ ಪಕ್ಕೆಲುಬು ಮುರಿಯಿತು. ಮಾರೆಪ್ಪ ಅಡ್ಡ ಬಿದ್ದ ಹಲಗೆಯ ಮೇಲೆ ಕೈ ಇಟ್ಟುಕೊಂಡಿದ್ದ, ಅದು ಹರಿಯಬಾರದೆಂದು. ಒದ್ದವರಲ್ಲಿ ವಿರೂಪಾಕ್ಷಪ್ಪನೂ ಇದ್ದ. ಮರುದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಕಾಲೇಜಿಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕುಂತು, ಅಸ್ಪೃಶ್ಯತಾ ನಿವಾರಣೆಯ ನೋಟ್ಸು ಬರೆದುಕೊಂಡ.

ಪಂಪು ಹಚ್ಚಿ ಬಾವಿಯ ನೀರೆಲ್ಲ ಹೊರಗೆ ಹಾಕಿದರು. ಗಂಜಲ ಸುರಿದರು. ಕೇರಿಗೆ ನೀರು ಬಂದ್ ಆಯಿತು. ದುರುಗವ್ವ ಹಾಸುಗಲ್ಲಿನ ಮೇಲೆ ಅಡ್ಡ ಬಿದ್ದು ತಪ್ಪಾಯಿತು ಎಂದರೆ ಬಿಡುತ್ತೇವೆ ಎಂದು ಗೌಡರು ಹೇಳಿಕಳಿಸಿದರು.

ಕೇರಿಯ ಹಿರಿಯಳು ಯಮನೂರಮ್ಮ ಬಂದು ಬಾಗಿಲಲ್ಲಿ ಕುಂತಳು. "ನಿನ್ನ ಸೊಕ್ಕಿಗೆ ನಮ್ಮ ಕೂಸುಗೋಳು ಬಾಯಾರಬೇಕನ? ಒಂದು ಸಲ ಬಿದ್ರ ನಿನ್ನ ಗಂಟೇನ ಹೋಗ್ತೈತಿ?"

ದುರುಗವ್ವ ಎದ್ದಳು. ಸಲಿಕೆ ತೆಗೆದುಕೊಂಡು ಹಳ್ಳಕ್ಕೆ ಹೋದಳು. ಉಸುಕು ತೋಡಿದಳು. ಕಾಲುವೆಯ ಮಣ್ಣು ಅಗೆದ ಕೈ ಅದು. ಮೊಣಕಾಲು, ತೊಡೆ, ಸೊಂಟ ಮುಳುಗುವಷ್ಟು ತೋಡಿದ ಮೇಲೆ ತೇವ ಬಂತು. ಕುಂತಳು. ಬೊಗಸೆಯಷ್ಟು ನೀರು ಕೂಡಿತು. ಬಟ್ಟಲಲ್ಲಿ ಗೋರಿ ಕೊಡಕ್ಕೆ ಹಾಕಿ, ಮೊದಲ ಕೊಡವನ್ನು ಯಮನೂರಮ್ಮನ ಮನೆಯ ಮುಂದೆ ಇಟ್ಟು ಬಂದಳು. ಮರುದಿನ ಇನ್ನಿಬ್ಬರು ಹೆಂಗಸರು ಸಲಿಕೆ ತಂದರು. ಒರತೆಯಲ್ಲಿಯೂ ಬಗ್ಗಬೇಕು. ಆದರೆ ಅಲ್ಲಿ ಎದುರಿಗೆ ಯಾರೂ ನಿಂತಿರುವುದಿಲ್ಲ.

ಮುದುಕಪ್ಪ ಅವ್ವನ ಜೊತೆ ಮಾತಾಡದೆ ಕಾಲೇಜಿಗೆ ಹೋಗಿದ್ದ. ಸಿಟ್ಟಿಗೋ ನಾಚಿಕೆಗೋ ಅವಳಿಗೆ ತಿಳಿಯಲಿಲ್ಲ. ನಾಲ್ಕಾರು ದಿನ ಬಿಟ್ಟು ಸಂಜೆ ಬಂದ. ಒರತೆಯ ದಂಡೆಯಲ್ಲಿ ಅವಳ ಎದುರು ಕುಂತ.

"ಸರ್ ಇವತ್ತ ನಮ್ಮ ಊರಿನ ಮ್ಯಾಲ ನೋಟ್ಸ್ ಹೇಳಿದ್ರಬೇ. ಊರವರು, ಕೇರಿಯವರು ಕೂಡಿ ಬಾಳ್ತಾರಂತ. ಅಸ್ಪೃಶ್ಯತೆ ಕಡಿಮಿ ಆಗಾಕ ಹತ್ತೇತಂತ. ಎಲ್ಲಾರೂ ಬರ್ಕೊಂಡ್ರು."

"ನೀನು?"

"ನಾ ಎದ್ದು ನಿಂತೆ. ಸರ್, ಒಂದು ಮಾತು ಕೇಳ್ತೀನಿ, ಅವತ್ತ ನಮ್ಮವ್ವನ ಕೈಯಾಗಿನ ನೀರು ನೀವು ಯಾಕ ಕುಡೀಲಿಲ್ರಿ ಅಂದೆ."

ದುರುಗವ್ವ ಗೋರುವುದನ್ನು ನಿಲ್ಲಿಸಿದಳು.

"ಏನಂದ್ರು?"

"ಅದು ಸಿಲೆಬಸ್‌ನ್ಯಾಗ ಇಲ್ಲ ಅಂದ್ರು. ಹೊರಗ ಹಾಕಿದ್ರು. ತಪ್ಪಾತು ಅನ್ನೂತನಕ ಕ್ಲಾಸಿಗಿ ಬರಬ್ಯಾಡ ಅಂದ್ರು. ಅಂದ್ರ ಹಾಜರಿ ಇಲ್ಲ. ಪರೀಕ್ಷಾ ಇಲ್ಲ. ಸೀಟಂತೂ…" ಅವನು ಉಸುಕಿನಲ್ಲಿ ಬೆರಳಾಡಿಸಿದ. "ಏನ್ ಮಾಡಲಬೇ?"

ಒರತೆಯಲ್ಲಿ ನೀರು ತಿಳಿಯಾದ ಮೇಲೆ ಅವಳು ಒಂದು ಬಟ್ಟಲು ಗೋರಿ ಕೊಡಕ್ಕೆ ಹಾಕಿದಳು.

"ಕೇಳಿದ್ದಕ್ಕ ಉತ್ತರ ಬಂತನ?"

"ಇಲ್ಲ."

"ಹಂಗಾರ ಮತ್ತ ಹೋಗಿ ಕೇಳು."

ಮುದುಕಪ್ಪ ಹೋದ. ದಿನಾ ಹೋದ. ಕ್ಲಾಸಿನ ಬಾಗಿಲ ಹೊರಗೆ ನಿಂತ. ಮಾಸ್ತರರು "ಕ್ಷಮೆ ಕೇಳುತ್ತೀಯಾ?" ಎನ್ನುತ್ತಿದ್ದರು. ಅವನು "ನೀರು ಯಾಕ ಕುಡೀಲಿಲ್ರಿ?" ಎನ್ನುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು. ಆ ವರ್ಷ ಅವನನ್ನು ಪರೀಕ್ಷೆಗೆ ಕೂಡಿಸಲಿಲ್ಲ. ಮಾರೆಪ್ಪನ ಎಲುಬು ಸೊಟ್ಟಗೇ ಕೂಡಿತು. ಮತ್ತೆ ಅವನು ಹಲಗೆ ಹೊರಲಿಲ್ಲ.

ಮಳೆ ಬಿದ್ದ ಮೇಲೆ ಊರು ಸ್ವಲ್ಪ ಮೆತ್ತಗಾಯಿತು. ಕೇರಿಯ ಎಷ್ಟೋ ಮಂದಿ ಮತ್ತೆ ಹಾಸುಗಲ್ಲಿಗೆ ಹೋದರು. ಅವರನ್ನು ಬಯ್ಯುವ ಹಾಗಿಲ್ಲ. ಹಳ್ಳ ದೂರ. ದುರುಗವ್ವ ಮಾತ್ರ ಹೋಗಲಿಲ್ಲ.

ಅಮರಪ್ಪ ಮಾಸ್ತರರು ಆ ಆಷಾಢದ ಒಂದು ಗುರುವಾರ, ಕೊರಳ ತುಂಬ ಹಾರ ಹಾಕಿಸಿಕೊಂಡು ದೊಡ್ಡ ಯುನಿವರ್ಸಿಟಿಗೆ ಪಾಠ ಹೇಳಲು ಹೋದರು. ಕೆಂಚಿಹಾಳದ ಮೇಲೆ ಬರೆದದ್ದಕ್ಕೆ ಅವರಿಗೆ ಡಾಕ್ಟರೇಟು ಬಂತು. ಅದರಲ್ಲಿ ಒಬ್ಬ ಹೆಂಗಸು ಕೊಡದ ಮುಂದೆ ಬಗ್ಗಿ ನಿಂತ ಫೋಟೋ ಇತ್ತು. ಆ ಹೆಂಗಸು ಬೇರೆ ಯಾವುದೋ ಊರಿನವಳು. ಕೆಳಗೆ ಕೆಂಚಿಹಾಳ ಎಂದು ಬರೆದಿತ್ತು.

ಮುದುಕಪ್ಪ ಮರುವರ್ಷ ಪರೀಕ್ಷೆ ಕಟ್ಟಿ ಪಾಸಾದ. ಸೀಟು ಯಾರೂ ಕೊಡಿಸಲಿಲ್ಲ. ಅದೇ ಯುನಿವರ್ಸಿಟಿಯಿಂದ, ಅವನ ಅಂಕ ನೋಡಿ ಕರೆದರು.

ಹೊರಡುವ ದಿನ ದುರುಗವ್ವ ಸೋರೆಬುರುಡೆಯಲ್ಲಿ ಒರತೆಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಳು. ಹಿಟ್ನಾಳದ ರಸ್ತೆಯವರೆಗೆ ಜೊತೆಗೆ ನಡೆದಳು. ಬಸ್ಸು ಕಂಡಾಗ ಮುದುಕಪ್ಪ ಅವಳ ಕಾಲಿಗೆ ಬಗ್ಗಲು ಹೋದ. ಅವಳು ಹಿಡಿದು ನಿಲ್ಲಿಸಿದಳು.

"ಬ್ಯಾಡ. ಬಗ್ಗಬ್ಯಾಡ."

"ಅವತ್ತ ನಾ ನಿನಗ ಹೋಗು ಅಂದೆನಲ್ಲಬೇ…"

"ಹೋದೆನಲ್ಲ. ಏನೀಗ?" ಎಂದಳು. "ದಾರ್ಯಾಗ ನೀರಡಿಸಿದ್ರ ಕುಡಿ. ಒಂದು ಗುಟುಕು ಉಳಸು. ಅಲ್ಲಿ ನಿಮ್ಮ ಮಾಸ್ತರ ಸಿಗ್ತಾರ. ಕೊಟ್ಟು ನೋಡು."

"ಒಲ್ಲೆ ಅಂದ್ರ?"

"ಯಾಕ ಅಂತ ಕೇಳು. ಇಲ್ಲಿ ಕೇಳಿದಂಗ."

ಬಸ್ಸು ಮುನಿರಾಬಾದಿನ ಕಡೆ ಹೊರಳಿತು. ಧೂಳು ಕುಳಿತ ಮೇಲೆ ದುರುಗವ್ವ ಹಳ್ಳಕ್ಕೆ ಇಳಿದಳು. ಕೊಡ ಅಲ್ಲೇ ಇಟ್ಟು ಬಂದಿದ್ದಳು. ಮುದುಕಪ್ಪ ಊರು ಬಿಟ್ಟದ್ದು ಶ್ರಾವಣದ ಎರಡನೇ ಸೋಮವಾರ.